ಹದ ಎಂಬ ಪದ: ಘೀ ರೋಸ್ಟ್ ಪಾಕವಿಧಾನಗಳ ಒಂದು ಓದು

ಮಂಗಳೂರಿನ ಹೋಟೆಲುಗಳ ಬೋರ್ಡಿನಲ್ಲಿ ಮತ್ತೆ ಮತ್ತೆ ಕಾಣುವ ಮಾತು ‘ಮನೆ ಊಟ’. ಅದೇ ಊರಿನ ಮನೆಗಳಲ್ಲಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಒಲೆಯ ಮುಂದೆ ನಿಂತವರು ಹುಡುಕುವ ಮಾತು ‘ಹೋಟೆಲ್ ಶೈಲಿ’. ಹೋಟೆಲಿಗೆ ಮನೆಯಾಗುವ ಆಸೆ, ಮನೆಗೆ ಹೋಟೆಲಾಗುವ ಆಸೆ. ‘ಲಂಚ್ ಹೋಮ್’ ಎಂಬ ನಮ್ಮ ಕರಾವಳಿಯ ಹೆಸರನ್ನೇ ನೋಡಿ, ದುಡ್ಡು ಕೊಟ್ಟು ಉಣ್ಣುವ ಜಾಗದ ಹೆಸರಿನೊಳಗೇ ಮನೆ ಬಂದು ಕೂತಿದೆ. ಈ ಎರಡು ಆಸೆಗಳ ನಡುವೆ ಓಡಾಡುವ ಪಠ್ಯವೊಂದಿದೆ. ಅದು ಪಾಕವಿಧಾನ. ಕಥೆ, ಕವಿತೆ ಓದದವರೂ ಇದನ್ನು ಓದುತ್ತಾರೆ. ಓದಿ ಸುಮ್ಮನಾಗುವುದಿಲ್ಲ, ಅದು ಹೇಳಿದಂತೆ ನಡೆಯುತ್ತಾರೆ. ಓದುಗರ ಮೇಲೆ ಇಷ್ಟು ಅಧಿಕಾರವುಳ್ಳ ಬರವಣಿಗೆ ನಮ್ಮ ಸಾಹಿತ್ಯದಲ್ಲಿ ಇನ್ನೊಂದಿದೆಯೇ ಎಂದು ನನಗೆ ಅನುಮಾನ. ಆದರೂ ನಮ್ಮ ವಿಮರ್ಶೆ ಅದರ ಕಡೆ ತಿರುಗಿ ನೋಡುವುದು ಅಪರೂಪ.

ನಾನು ನೋಡಲು ಕಾರಣ ಒಂದು ನಿರಾಸೆ. ಅದಕ್ಕೆ ಬರುವ ಮೊದಲು ಖಾದ್ಯದ ಬಗ್ಗೆ ಸ್ವಲ್ಪ ಹೇಳಬೇಕು.

ಚಿಕನ್ ಘೀ ರೋಸ್ಟ್ ಕುಂದಾಪುರದ್ದು. 1957ರಲ್ಲಿ ಅಲ್ಲಿ ಶುರುವಾದ ಶೆಟ್ಟಿ ಲಂಚ್ ಹೋಮ್‌ನ ಹೆಸರು ಅದಕ್ಕೆ ಅಂಟಿಕೊಂಡಿದೆ. ಕುಂದಾಪುರದಿಂದ ತೊಂಬತ್ತು ಕಿಲೋಮೀಟರ್ ದೂರದ ಮಂಗಳೂರಿಗೆ, ಅಲ್ಲಿಂದ ಬೆಂಗಳೂರು, ಮುಂಬಯಿಗೆ ಹೋಗುವಷ್ಟರಲ್ಲಿ ಅದು ಇಡೀ ಕರಾವಳಿಯ ಖಾದ್ಯವಾಗಿ, ‘ಮ್ಯಾಂಗಲೋರಿಯನ್’ ಎಂಬ ಪಟ್ಟಿ ಕಟ್ಟಿಕೊಂಡಿತ್ತು. ಈಗ ಕೋಳಿಯಷ್ಟೇ ಅಲ್ಲ, ಸಿಗಡಿ, ಅಣಬೆ, ಪನೀರು ಎಲ್ಲವೂ ಘೀ ರೋಸ್ಟ್ ಆಗುತ್ತವೆ. ಗಮನಿಸಬೇಕಾದ್ದೇನೆಂದರೆ, ಇದು ಹೋಟೆಲಿನಲ್ಲಿ ಹುಟ್ಟಿದ ಖಾದ್ಯ. ಕೋರಿ ರೊಟ್ಟಿ, ನೀರು ದೋಸೆ, ಬಂಗುಡೆ ಪುಳಿಮುಂಚಿಗಳಿಗೆ ಮನೆಯಲ್ಲೊಂದು ಮೂಲವಿದೆ, ಹೋಟೆಲು ಅದನ್ನು ನಕಲು ಮಾಡುತ್ತದೆ. ಘೀ ರೋಸ್ಟಿನಲ್ಲಿ ಸಂಬಂಧ ತಿರುಗುಮುರುಗು. ಇಲ್ಲಿ ಹೋಟೆಲಿನದೇ ಮೂಲ, ಮನೆಯದು ನಕಲು. ಅಜ್ಜಿ ಮಾಡುತ್ತಿದ್ದ ಘೀ ರೋಸ್ಟ್ ಎಂದು ಯಾರೂ ಕಣ್ಣು ಒದ್ದೆ ಮಾಡಿಕೊಳ್ಳುವುದಿಲ್ಲ.

ನಾನು ಹಾವೇರಿ ಕಡೆಯವಳು. ಘೀ ರೋಸ್ಟಿನ ಕೆಂಪು ಬರುವುದೇ ನಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯಿಂದ. ಬಣ್ಣಕ್ಕೆ ಹೆಸರಾದ, ಖಾರದಲ್ಲಿ ಸಾಧುವಾದ, ಸುಕ್ಕುಗಟ್ಟಿದ ಮೈಯ ಕಾಯಿ ಅದು. ಡಬ್ಬಿ, ಕಡ್ಡಿ ಎಂಬ ಅದರ ಎರಡು ಬಗೆಗಳನ್ನು ಕಣ್ಣಳತೆಯಲ್ಲೇ ಬೇರೆ ಮಾಡುವ ಮನೆಯಿಂದ ಬಂದವಳಾದರೂ, ಅದಕ್ಕೆ ತುಪ್ಪದಲ್ಲಿ ಇಂಥದೊಂದು ಗತಿ ಕಾದಿದೆ ಎಂದು ತಿಳಿದದ್ದು ಪಿಎಚ್‌ಡಿಗೆಂದು ಮಂಗಳೂರಿಗೆ ಬಂದು ಕೊಟ್ಟಾರದಲ್ಲಿ ಇರತೊಡಗಿದ ಮೇಲೆ. ದಿನಾ ಸ್ಟೇಟ್‌ಬ್ಯಾಂಕಿಗೆ ಒಂದು ಬಸ್ಸು, ಅಲ್ಲಿಂದ ಕೊಣಾಜೆಯ ವಿಶ್ವವಿದ್ಯಾನಿಲಯಕ್ಕೆ ಇನ್ನೊಂದು. ಫೆಲೋಶಿಪ್ ಬಂದ ತಿಂಗಳು ಕೊಟ್ಟಾರ ಚೌಕಿಯ ಕಡೆಯ ಒಂದು ಚಿಕ್ಕ ಹೋಟೆಲಿನಲ್ಲಿ ಘೀ ರೋಸ್ಟ್ ಮತ್ತು ನೀರು ದೋಸೆ. ಫೆಲೋಶಿಪ್ ಪ್ರತಿ ತಿಂಗಳೂ ಬರುವುದಿಲ್ಲ ಎಂಬುದು ಸಂಶೋಧನಾ ವಿದ್ಯಾರ್ಥಿಗಳಿಗೆ ಹೇಳಬೇಕಾದ ಮಾತಲ್ಲ. ಹಾಗಾಗಿ ಅದನ್ನು ಮನೆಯಲ್ಲೇ ಮಾಡುವುದು ಎಂದು ನಾವು ಮೂವರು ರೂಮ್‌ಮೇಟುಗಳು ತೀರ್ಮಾನಿಸಿದೆವು.

ಬ್ಯಾಡಗಿ ಮೆಣಸು ಊರಿನಿಂದಲೇ ಬಂತು. ನಂದಿನಿ ತುಪ್ಪ, ಉರ್ವಸ್ಟೋರಿನಿಂದ ಕೋಳಿ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ನಾಲ್ಕೇ ನಾಲ್ಕು ಮೆಂತ್ಯೆ ಕಾಳು ಹುರಿದು, ಬೆಳ್ಳುಳ್ಳಿ, ಹುಣಸೆ ಸೇರಿಸಿ ಅರೆದದ್ದಾಯಿತು. ಕೋಳಿ ಮೊಸರಿನಲ್ಲಿ ಮೂರು ಗಂಟೆ ನೆನೆಯಿತು. ಬರೆದ ಅಳತೆ, ಬರೆದ ಕ್ರಮ, ಬರೆದ ಹೊತ್ತು. ತಟ್ಟೆಗೆ ಬಂದಾಗ ಬಣ್ಣ ಸರಿಯಾಗಿಯೇ ಇತ್ತು, ಪರಿಮಳವೂ. ಪುತ್ತೂರಿನವಳಾದ ನನ್ನ ಕಿರಿಯ ರೂಮ್‌ಮೇಟ್ ಮೊದಲ ತುತ್ತು ತಿಂದು, ನನಗೆ ಬೇಸರವಾಗದಂತೆ ಮಾತು ಹುಡುಕಿ, “ಅಕ್ಕ, ಲಾಯ್ಕುಂಟು. ಆದ್ರೆ ಅದಲ್ಲ” ಎಂದಳು.

ಇಷ್ಟು ಚುಟುಕಾದ, ಇಷ್ಟು ಸರಿಯಾದ ವಿಮರ್ಶಾ ವಾಕ್ಯವನ್ನು ನಾನು ಈಚೆಗೆ ಓದಿಲ್ಲ. ಚೆನ್ನಾಗಿದೆ, ಆದರೆ ಅದಲ್ಲ. ಮಸಾಲೆ ಕೋಳಿಯನ್ನು ಹಿಡಿದುಕೊಳ್ಳುವ ಬದಲು ಅದರ ಸುತ್ತ ನಿಂತಿತ್ತು. ತುಪ್ಪ ತನ್ನ ಪಾಡಿಗೆ ತಾನು ಅಂಚಿನಲ್ಲಿ ತೇಲುತ್ತಿತ್ತು. ಹುಳಿ, ಸಿಹಿ, ಖಾರ ಒಂದೊಂದೂ ತನ್ನ ಸರದಿ ಬಂದಾಗ ಮಾತಾಡುತ್ತಿತ್ತು. ಹೋಟೆಲಿನ ತಟ್ಟೆಯಲ್ಲಿ ಅವು ಒಟ್ಟಿಗೇ ಮಾತಾಡುತ್ತವೆ. ಮುಂದಿನ ಎರಡು ತಿಂಗಳಲ್ಲಿ ಬೇರೆ ಬೇರೆ ಪಾಕವಿಧಾನ ಹಿಡಿದು ಇನ್ನೂ ನಾಲ್ಕು ಬಾರಿ ಮಾಡಿದೆವು. ನಾಲ್ಕು ಬಾರಿಯೂ ಬೇರೆ ಬೇರೆ ರುಚಿ, ನಾಲ್ಕು ಬಾರಿಯೂ ಅದೇ ತೀರ್ಪು.

ನನ್ನ ಸಂಶೋಧನೆ ಕನ್ನಡದ ಶಾಸ್ತ್ರಕೃತಿಗಳ ಮೇಲೆ. ವೈದ್ಯ, ಗಣಿತ, ಸೂಪಶಾಸ್ತ್ರಗಳನ್ನು ಹಳಗನ್ನಡ, ನಡುಗನ್ನಡದಲ್ಲಿ ಹೇಗೆ ಬರೆದರು ಎಂಬುದು. ಹೀಗಾಗಿ ಮೂರನೆಯ ಸೋಲಿನ ಹೊತ್ತಿಗೆ ಅಡುಗೆಯನ್ನು ಬಿಟ್ಟು ಪಠ್ಯವನ್ನು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಪುಸ್ತಕ, ವಾರಪತ್ರಿಕೆಯ ಪುಟ, ವಿಡಿಯೊ ಎಲ್ಲ ಸೇರಿ ಏಳು ಪಾಕವಿಧಾನಗಳನ್ನು ಹಸ್ತಪ್ರತಿಗಳ ಹಾಗೆ ಪಕ್ಕಪಕ್ಕ ಇಟ್ಟು ಪಾಠಾಂತರ ಗುರುತಿಸಿದೆ. ಅರ್ಧ ಕಿಲೋ ಕೋಳಿಗೆ ಮೆಣಸಿನಕಾಯಿ ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಇಪ್ಪತ್ತು. ಬೆಲ್ಲ ಮೂರರಲ್ಲಿ ಇದೆ, ಎರಡರಲ್ಲಿ ಸಕ್ಕರೆ, ಎರಡರಲ್ಲಿ ಏನೂ ಇಲ್ಲ. ಹುಳಿಗೆ ಮೊಸರು ಮತ್ತು ಹುಣಸೆ ಎರಡೂ ಎನ್ನುವವರು ಕೆಲವರು, ನಿಂಬೆಯನ್ನೂ ಹಿಂಡುವವರು ಕೆಲವರು. ಒಬ್ಬರು ಗೋಡಂಬಿ ಅರೆದು ಹಾಕಿದ್ದಾರೆ. ಅದನ್ನು ನಾನು ಪ್ರಕ್ಷೇಪ ಎಂದು ಬದಿಗಿಟ್ಟೆ.

ಗ್ರಂಥಸಂಪಾದನೆಯ ಪಾಠ ಕೇಳಿದ ಯಾರಿಗೂ ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಇಷ್ಟು ಪ್ರತಿಗಳ ಹಿಂದೆ ಒಂದು ಮೂಲಪ್ರತಿ ಇರಲೇಬೇಕು, ತಪ್ಪು ಪಾಠಗಳನ್ನು ಕಳೆಯುತ್ತ ಹೋದರೆ ಅದು ಸಿಗುತ್ತದೆ ಎಂಬ ಆಸೆ. ಪಾಕವಿಧಾನಗಳೂ ಇದೇ ಆಸೆಯನ್ನು ಮಾರುತ್ತವೆ. ಅವುಗಳ ಶೀರ್ಷಿಕೆಯಲ್ಲಿ ತಪ್ಪದೆ ಬರುವ ಪದ ‘ಗುಟ್ಟು’. ಹೋಟೆಲ್ ರುಚಿಯ ಗುಟ್ಟು, ಯಾರೂ ಹೇಳದ ಗುಟ್ಟು. ಆ ಪದ ನಮಗೆ ಒಂದು ಸಿದ್ಧಾಂತವನ್ನೇ ಒಪ್ಪಿಸಿಬಿಡುತ್ತದೆ: ನಿಮ್ಮ ಅಡುಗೆಗೂ ಹೋಟೆಲಿನ ಅಡುಗೆಗೂ ಇರುವ ಅಂತರ ಒಂದು ಮಾಹಿತಿಯ ಅಂತರ. ಯಾರೋ ಒಂದು ಸಾಲನ್ನು ಬಚ್ಚಿಟ್ಟಿದ್ದಾರೆ, ಆ ಸಾಲು ಸಿಕ್ಕರೆ ಮುಗಿಯಿತು.

ಈ ಸಿದ್ಧಾಂತ ಸುಳ್ಳು ಎಂಬುದು ನನ್ನ ವಾದ. ಸುಳ್ಳಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಅದರ ಹಿಂದೆ ಒಂದು ಅನ್ಯಾಯವೂ ಇದೆ.

ಹಳೆಯವರು ಏನು ಮಾಡಿದರು ನೋಡೋಣ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ ಹನ್ನೊಂದನೆಯ ಶತಮಾನದ್ದು, ಚಾಲುಕ್ಯರ ಕಾಲದ್ದು. ಬಾವಿ ತೋಡುವುದು, ಗಿಡ ಬೆಳೆಸುವುದು, ಸುಗಂಧ ದ್ರವ್ಯ, ವೈದ್ಯ ಎಲ್ಲದರ ನಡುವೆ ಅಡುಗೆಗೂ ಅದರಲ್ಲಿ ಜಾಗವಿದೆ. ಅಡುಗೆ ಅಲ್ಲಿ ಬದುಕಲು ಬೇಕಾದ ಹತ್ತು ವಿದ್ಯೆಗಳಲ್ಲಿ ಒಂದು. ಮುಂದಿನ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಊಟ ರಾಜನ ಭೋಗಗಳಲ್ಲಿ ಸೇರುತ್ತದೆ. ಅಲ್ಲಿ ಮಾಂಸದ ಅಡುಗೆಗೆ ಸಂಕೋಚವಿಲ್ಲ. ಆಮೆ, ಹೊಲದ ಇಲಿಯ ತನಕ ಪಟ್ಟಿ ಹೋಗುತ್ತದೆ. ಹದಿನಾರನೆಯ ಶತಮಾನದ ಆರಂಭದ ಮೂರನೆಯ ಮಂಗರಸ ಜೈನ ಕವಿ. ಅವನ ‘ಸೂಪಶಾಸ್ತ್ರ’ ಪೂರ್ತಿ ಸಸ್ಯಾಹಾರದ್ದು, ಷಟ್ಪದಿಯಲ್ಲಿ ಬರೆದದ್ದು. ಬದನೆಕಾಯಿಯ ಮೇಲೆ ಅವನಿಗಿರುವ ಪ್ರೀತಿಯನ್ನು ಹಾವೇರಿಯವಳಾದ ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು, ಆ ಕಾಲಕ್ಕೆ ಅದಿನ್ನೂ ನಮ್ಮ ಅಡುಗೆಮನೆ ಹೊಕ್ಕಿರಲಿಲ್ಲ. ಅವನಿಗೆ ಖಾರವೆಂದರೆ ಕಾಳುಮೆಣಸು.

ಆರು ಸಾಲಿನ ಷಟ್ಪದಿಯೊಳಗೆ ಒಂದು ಅಡುಗೆಯನ್ನು ಕೂರಿಸುವುದೆಂದರೆ ಬಹಳಷ್ಟನ್ನು ಬಿಡಬೇಕು. ಬಿಟ್ಟದ್ದನ್ನು ಓದುಗ ತುಂಬಿಕೊಳ್ಳುತ್ತಾನೆ ಎಂಬ ಭರವಸೆ ಕವಿಗಿದೆ. ನನ್ನ ಓದಿನಲ್ಲಿ, ಈ ಪದ್ಯಗಳು ಅಡುಗೆ ಬಾರದವನಿಗೆ ಕಲಿಸಲು ಬರೆದವಲ್ಲ. ಬರುವವನಿಗೆ ನೆನಪಿಸಲು, ಉಣ್ಣುವವನಿಗೆ ಬಾಯಲ್ಲಿ ನೀರೂರಿಸಲು ಬರೆದವು. ಒಲೆಯ ಮುಂದೆ ನಿಂತ ಬಾಣಸಿಗ ಅದನ್ನು ಓದುತ್ತಿದ್ದನೇ ಎಂಬುದು ಬೇರೆ ಪ್ರಶ್ನೆ. ಓದುತ್ತಿರಲಿಕ್ಕಿಲ್ಲ. ಅವನ ವಿದ್ಯೆ ಅವನ ಕೈಯಲ್ಲಿತ್ತು, ಪದ್ಯ ಅರಮನೆಯ ಪಡಸಾಲೆಯಲ್ಲಿತ್ತು. ಅಂದರೆ ಮಾಡುವವನಿಗೂ ಬರೆಯುವವನಿಗೂ ನಡುವಿನ ಬಿರುಕು ಹಳೆಯದೇ. ಆದರೆ ಹಳೆಯ ಪಠ್ಯ ಆ ಬಿರುಕನ್ನು ಮುಚ್ಚಿಡುವುದಿಲ್ಲ. ಇದನ್ನು ಓದಿದರೆ ನಿನಗೆ ಅಡುಗೆ ಬರುತ್ತದೆ ಎಂಬ ಭಾಷೆಯನ್ನು ಅದು ಕೊಡುವುದೇ ಇಲ್ಲ.

ಇಂದಿನ ಪಾಕವಿಧಾನ ಅದನ್ನೇ ಕೊಡುತ್ತದೆ. ಚಮಚ, ಕಪ್ಪು, ನಿಮಿಷ, ಗ್ರಾಂ. ಅಂಕಿಗಳಿಂದ ಅದು ತನ್ನನ್ನು ತಾನು ಪ್ರಯೋಗಾಲಯದ ಟಿಪ್ಪಣಿಯಂತೆ ತೋರಿಸಿಕೊಳ್ಳುತ್ತದೆ. ಆದರೆ ಸ್ವಲ್ಪ ನಿಧಾನವಾಗಿ ಓದಿ. ಎಲ್ಲಿ ನಿಜವಾಗಿ ಏನಾದರೂ ಆಗುತ್ತದೋ ಅಲ್ಲಿ ಅಂಕಿ ಮಾಯವಾಗುತ್ತದೆ. ‘ಎಣ್ಣೆ ಬಿಡುವ ತನಕ’, ‘ಹಸಿ ವಾಸನೆ ಹೋಗುವವರೆಗೆ’, ‘ಘಮ್ಮೆನ್ನುವಾಗ’, ‘ಹದವಾದ ಉರಿಯಲ್ಲಿ’, ‘ಹದಕ್ಕೆ ಬಂದಾಗ’. ಏಳು ಪಾಠಗಳಲ್ಲಿ ಮೆಣಸಿನ ಲೆಕ್ಕ ಎಂಟರಿಂದ ಇಪ್ಪತ್ತರವರೆಗೆ ಹರಿದಾಡಿದರೂ, ‘ಹದ’ ಎಂಬ ಪದ ಏಳರಲ್ಲೂ ಇದೆ. ಪಾಠಾಂತರವಿಲ್ಲದ ಪದ ಅದೊಂದೇ.

ಕನ್ನಡದಲ್ಲಿ ಈ ಪದದ ಹರವು ದೊಡ್ಡದು. ಮಳೆ ಬಿದ್ದ ನೆಲ ಬಿತ್ತನೆಗೆ ಹದವಾಗುತ್ತದೆ. ಚರ್ಮವನ್ನು ಹದ ಮಾಡುತ್ತಾರೆ, ಕುಲುಮೆಯಲ್ಲಿ ಕಬ್ಬಿಣ ಹದಕ್ಕೆ ಬರುತ್ತದೆ, ಮಾತಿಗೂ ಹದವಿದೆ. ಎಲ್ಲ ಕಡೆಯೂ ಅದು ಒಂದು ವಸ್ತುವಿನ ಸ್ಥಿತಿ ಮತ್ತು ಅದನ್ನು ಗುರುತಿಸಬಲ್ಲ ಒಬ್ಬ ಮನುಷ್ಯ, ಇಬ್ಬರನ್ನೂ ಒಟ್ಟಿಗೆ ಹೇಳುತ್ತದೆ. ಹದವನ್ನು ನೋಡಬಲ್ಲವರಿಲ್ಲದೆ ಹದವಿಲ್ಲ. ನಮ್ಮಪ್ಪ ಮುಂಗಾರಿನಲ್ಲಿ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಿ ಬಿಡುತ್ತಾರೆ. ಅದು ಒಡೆಯುವ ರೀತಿಯಲ್ಲೇ ಅವರಿಗೆ ನಾಳೆ ಕೂರಿಗೆ ಕಟ್ಟಬಹುದೋ ಇಲ್ಲವೋ ತಿಳಿಯುತ್ತದೆ. ಕೇಳಿದರೆ ಹೇಳಲು ಅವರಿಗೆ ಬರುವುದಿಲ್ಲ. ಮೈಕೆಲ್ ಪೊಲಾನಿ 1966ರ ತನ್ನ ‘ದ ಟ್ಯಾಸಿಟ್ ಡೈಮೆನ್ಶನ್’ ಪುಸ್ತಕದಲ್ಲಿ, ಮನುಷ್ಯನ ತಿಳಿವು ಅವನ ಮಾತಿಗಿಂತ ಯಾವಾಗಲೂ ದೊಡ್ಡದು ಎಂಬುದನ್ನು ತತ್ವವಾಗಿ ಬೆಳೆಸಿದ. ನಮ್ಮ ಭಾಷೆ ಅದನ್ನು ಎರಡಕ್ಷರದಲ್ಲಿ ಇಟ್ಟುಕೊಂಡಿದೆ.

ಹಾಗಾದರೆ ಹೋಟೆಲಿನಲ್ಲಿ ಇರುವುದೇನು? ಚೌಕಿಯ ಆ ಹೋಟೆಲಿನ ಅಡುಗೆಮನೆಗೆ ಹಿಂದಿನಿಂದ ಒಂದು ಕಿಟಕಿಯಿದೆ. ಅಡುಗೆಯವರು ಕುಂದಾಪುರ ಕಡೆಯವರು. ನಾನು ಮೂರನೆಯ ಬಾರಿ ಅಲ್ಲಿ ನಿಂತಾಗ, “ಅದ್ ಹೇಳುಕ್ ಆತಿಲ್ಲ ಮಾರಾಯ್ರೆ, ಕಾಣ್ಕ್” ಎಂದು ನಕ್ಕು ನೋಡಲು ಬಿಟ್ಟರು. ನೋಡಿದೆ. ಅಲ್ಲಿ ಘೀ ರೋಸ್ಟ್ ‘ಮಾಡುವುದು’ ಎಂಬ ಒಂದೇ ಕೆಲಸ ಇಲ್ಲ. ಮಸಾಲೆ ಗ್ರೈಂಡರಿನಲ್ಲಿ ಕಿಲೋಗಟ್ಟಲೆ ಅರೆದು, ತುಪ್ಪದಲ್ಲಿ ಗಂಟೆಗಟ್ಟಲೆ ಬಾಡಿಸಿ, ತಣಿಸಿ ಇಟ್ಟದ್ದು. ಕೋಳಿ ಬೆಳಿಗ್ಗೆಯೇ ಅರಿಸಿನ, ಉಪ್ಪು, ಮೊಸರಿನಲ್ಲಿ ಮುಕ್ಕಾಲು ಬೆಂದು ನೀರು ಬಿಟ್ಟುಕೊಂಡು ಪಕ್ಕಕ್ಕೆ ಕೂತದ್ದು. ಆರ್ಡರ್ ಬಂದಾಗ ನಡೆಯುವುದು ಕೊನೆಯ ನಾಲ್ಕು ನಿಮಿಷ. ಎಂದೂ ಪೂರ್ತಿ ತಣಿಯದ ದಪ್ಪ ತಳದ ಬಾಣಲೆ, ಒಂದು ಸೌಟು ತುಪ್ಪ, ಒಂದು ಸೌಟು ಮಸಾಲೆ, ಕೋಳಿ, ಕರಿಬೇವು. ಬಾಣಲೆಯ ಕೆಳಗಿನ ಉರಿ ನಮ್ಮ ಮನೆಯದಲ್ಲ. ಮನೆಗೆ ಬರುವುದು 14.2 ಕಿಲೋದ ಕೆಂಪು ಸಿಲಿಂಡರು, ಕಡಿಮೆ ಒತ್ತಡದ ರೆಗ್ಯುಲೇಟರು, ಅಂಗೈಯಗಲದ ಬರ್ನರು. ಅಲ್ಲಿರುವುದು 19 ಕಿಲೋದ ಸಿಲಿಂಡರು, ಹೆಚ್ಚು ಒತ್ತಡದ ಅನಿಲ, ಭೋರೆನ್ನುವ ಒಲೆ.

ಇದರ ರಸಾಯನವನ್ನು ಎರಡು ಮಾತಿನಲ್ಲಿ ಹೇಳಬಹುದು. ಬಾಣಲೆಯಲ್ಲಿ ನೀರಿರುವ ತನಕ ಉಷ್ಣತೆ 100 ಡಿಗ್ರಿಯ ಆಸುಪಾಸಿನಿಂದ ಮೇಲೇರುವುದಿಲ್ಲ. ಮೊಸರು, ಕೋಳಿ ಎರಡೂ ಮನೆಯ ಸಣ್ಣ ಉರಿಯಲ್ಲಿ ಬಿಡುತ್ತಲೇ ಇರುವುದು ನೀರನ್ನೇ. ಹುರಿದದ್ದರ ಕಂದು ಬಣ್ಣವನ್ನೂ ರುಚಿಯನ್ನೂ ಕೊಡುವ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಲ್ ಮೇಯಾರ್ 1912ರಲ್ಲಿ ವಿವರಿಸಿದ. ಅದು ಚುರುಕಾಗುವುದು 140 ಡಿಗ್ರಿ ದಾಟಿದ ಮೇಲೆ. ಹೋಟೆಲಿನ ಬಾಣಲೆಗೆ ನೀರು ಕಳೆದುಕೊಂಡ ಕೋಳಿ ಬರುತ್ತದೆ, ಸುಡುವ ತುಪ್ಪಕ್ಕೆ ಬೀಳುತ್ತದೆ, ಮಸಾಲೆ ಅದರ ಮೈಗೆ ಅಂಟಿ ಹುರಿಯುತ್ತದೆ. ನಮ್ಮದು ರೋಸ್ಟ್ ಎಂಬ ಹೆಸರಿನಲ್ಲಿ ಬೇಯುತ್ತಿತ್ತು. ಅಡುಗೆಯವಳ ಕೈಯಲ್ಲಾಗಲಿ ಮೆಣಸಿನ ಲೆಕ್ಕದಲ್ಲಾಗಲಿ ಇದಕ್ಕೆ ಕಾರಣವಿಲ್ಲ. ಕೋಳಿಯನ್ನು ಮೊದಲೇ ನೀರು ಬಿಡಿಸಿಕೊಂಡು ಬಾ ಎಂದು ಏಳು ಪಾಕವಿಧಾನಗಳಲ್ಲಿ ಐದು ಹೇಳುವುದೇ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಇದೂ ಒಂದು ‘ಗುಟ್ಟು’ ಬಯಲು ಮಾಡುವ ಬರಹವಾಗುತ್ತದೆ. ಕೋಳಿಯ ನೀರು ಇಂಗಿಸಿ, ಉರಿ ಹೆಚ್ಚಿಸಿ, ಸ್ವಲ್ಪ ಸ್ವಲ್ಪವೇ ಹುರಿಯಿರಿ ಎಂದು ಎಂಟನೆಯ ಪಾಕವಿಧಾನ ಬರೆಯಬಹುದು. ನಾವು ಹಾಗೂ ಮಾಡಿ ನೋಡಿದೆವು, ಐದನೆಯ ಬಾರಿ ಮಾಡಿದ್ದು ಹಾಗೆಯೇ. ಹತ್ತಿರ ಬಂತು, ಅದಾಗಲಿಲ್ಲ. ಯಾಕೆಂದರೆ ಕಿಟಕಿಯ ಆಚೆ ನಿಂತವರು ದಿನಕ್ಕೆ ಮೂವತ್ತೋ ನಲವತ್ತೋ ಬಾರಿ ಅದೇ ನಾಲ್ಕು ನಿಮಿಷವನ್ನು ಬದುಕುತ್ತಾರೆ. ಸೌಟಿನಿಂದ ಮಸಾಲೆ ಬೀಳುವ ಸದ್ದಿನಲ್ಲೇ ತುಪ್ಪದ ಕಾವು ತಿಳಿಯುವುದು, ಹೊಗೆಯ ಬಣ್ಣ ಬದಲಾಗುವ ಮೊದಲೇ ಬಾಣಲೆಯನ್ನು ಎತ್ತುವುದು, ಇವು ಗುಟ್ಟುಗಳಲ್ಲ. ಅಲ್ಲಿ ಯಾರೂ ಏನನ್ನೂ ಬಚ್ಚಿಟ್ಟಿಲ್ಲ. ಕಿಟಕಿ ತೆರೆದೇ ಇದೆ.

ನಾನು ಅನ್ಯಾಯ ಎಂದದ್ದು ಇಲ್ಲಿ. ರುಚಿಯ ಕಾರಣ ‘ಗುಟ್ಟು’ ಎಂದಾದಾಗ, ಅದು ಒಂದು ಸ್ವತ್ತಾಗುತ್ತದೆ. ಸ್ವತ್ತಿಗೆ ಒಬ್ಬ ಮಾಲೀಕನಿರುತ್ತಾನೆ. ಅದು ಕಬ್ಬಿಣದ ಪೆಟ್ಟಿಗೆಯಲ್ಲಿ, ಕುಟುಂಬದಲ್ಲಿ, ಬ್ರಾಂಡಿನಲ್ಲಿ ಇರುತ್ತದೆ. ರುಚಿಯ ಕಾರಣ ‘ಹದ’ ಎಂದಾದರೆ ಅದು ಕೆಲಸಗಾರನ ಮೈಯಲ್ಲಿರುತ್ತದೆ. ಅವನು ಹೋಟೆಲು ಬದಲಿಸಿದರೆ ಅದೂ ಹೋಗುತ್ತದೆ. ಗಿರಾಕಿಗಳು ‘ಮೊದಲಿನ ರುಚಿ ಇಲ್ಲ’ ಎನ್ನುವಾಗ ಹೆಚ್ಚಾಗಿ ಹೇಳುತ್ತಿರುವುದು, ತಮಗೆ ಹೆಸರೂ ಗೊತ್ತಿಲ್ಲದ ಒಬ್ಬ ಅಡುಗೆಯವರು ಕೆಲಸ ಬಿಟ್ಟ ಸುದ್ದಿಯನ್ನು. ಕುಂದಾಪುರ, ಬೈಂದೂರು, ಉಡುಪಿ ಕಡೆಯಿಂದ ಹುಡುಗರು ಮುಂಬಯಿಗೆ ಹೋಗಿ ಮೇಜು ಒರೆಸುವುದರಿಂದ ಶುರುಮಾಡಿ, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಚರಿತ್ರೆ ನಮಗೆ ಗೊತ್ತಿರುವುದೇ. ಅವರಲ್ಲಿ ಮಾಲೀಕರಾದವರ ಕಥೆಗಳನ್ನು ನಾವು ಸಾಧನೆಯ ಕಥನವಾಗಿ ಬರೆದುಕೊಂಡಿದ್ದೇವೆ. ಒಲೆಯ ಮುಂದೆಯೇ ಉಳಿದವರು ‘ಹೋಟೆಲ್ ಶೈಲಿ’ ಎಂಬ ಎರಡು ಪದಗಳೊಳಗೆ ಕರಗಿಹೋಗಿದ್ದಾರೆ. ಶೈಲಿ ಇದೆ, ಶೈಲಿಕಾರನಿಲ್ಲ. ಸಾಹಿತ್ಯದಲ್ಲಿ ಹೀಗೆ ಬರೆದರೆ ನಾವು ಸುಮ್ಮನಿರುತ್ತಿದ್ದೆವೇ?

ಮನೆಯ ಕಡೆಗೂ ಇದೇ ಕಥೆ, ಪದ ಮಾತ್ರ ಬೇರೆ. ಅಲ್ಲಿ ‘ಗುಟ್ಟು’ ಅನ್ನುವುದಿಲ್ಲ, ‘ಕೈರುಚಿ’ ಅನ್ನುತ್ತೇವೆ. ಅಮ್ಮನ ಕೈರುಚಿ, ಅಜ್ಜಿಯ ಕೈಗುಣ. ಕೇಳಲು ಹೊಗಳಿಕೆ. ಆದರೆ ನಲವತ್ತು ವರ್ಷ ದಿನಕ್ಕೆ ಮೂರು ಹೊತ್ತು ನಿಂತು ಗಳಿಸಿದ್ದನ್ನು ಹುಟ್ಟಿನಿಂದ ಬಂದ ವರದಂತೆ ಹೇಳಿಬಿಟ್ಟರೆ, ಆ ನಿಲ್ಲುವಿಕೆಯ ಲೆಕ್ಕ ಯಾರೂ ಕೊಡಬೇಕಾಗಿಲ್ಲ. ಘೀ ರೋಸ್ಟ್ ಹುಟ್ಟಿದ ಅದೇ ಕುಂದಾಪುರದಲ್ಲಿ ಹುಟ್ಟಿದ ವೈದೇಹಿ, ತಿಳಿಸಾರನ್ನು ಕವಿತೆಯ ಪಕ್ಕ ತಂದು ಕೂರಿಸಿದವರು. ಅವರ ಕಥೆಗಳ ಅಡುಗೆಮನೆಗಳಲ್ಲಿ ರುಚಿಗಿಂತ ಹೆಚ್ಚಾಗಿ ಕೇಳುವುದು ಅಲ್ಲಿ ನಿಂತವರ ಮಾತು. ಅಡುಗೆಯ ಬಗ್ಗೆ ಕನ್ನಡದಲ್ಲಿ ಬಂದ ಒಳ್ಳೆಯ ಬರವಣಿಗೆ ಪಾಕಶಾಸ್ತ್ರದ ಪುಸ್ತಕಗಳಲ್ಲಿಲ್ಲ, ಇಂಥ ಕಡೆ ಇದೆ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಮಾಡುವವಳನ್ನು ಬಿಟ್ಟು ಮಾಡಿದ್ದರ ಬಗ್ಗೆ ಮಾತಾಡಲು ಬರುವುದಿಲ್ಲ.

ಇನ್ನೊಂದು ದಾರಿಯೂ ಇದೆ, ಪೊಟ್ಟಣದ ದಾರಿ. ಬೆಂಗಳೂರಿನ ಎಂಟಿಆರ್ 1924ರಲ್ಲಿ ಹೋಟೆಲಾಗಿ ಆರಂಭವಾದದ್ದು. ತುರ್ತು ಪರಿಸ್ಥಿತಿಯ ಕಾಲದ ದರ ನಿಯಂತ್ರಣದಲ್ಲಿ ಆ ಬೆಲೆಗೆ ಆ ಗುಣಮಟ್ಟ ಕೊಡುವುದು ಕಷ್ಟವಾದಾಗ ಅದು ಸಿದ್ಧ ಹಿಟ್ಟುಗಳ ವ್ಯಾಪಾರಕ್ಕೆ ಇಳಿಯಿತು. ಹೋಟೆಲಿನ ರುಚಿಯನ್ನು ಒಣಗಿಸಿ ಮನೆಗೆ ಕಳಿಸಬಹುದು ಎಂಬುದು ಕನ್ನಡ ನಾಡಿನಲ್ಲಿ ಅಲ್ಲಿಂದ ಗಟ್ಟಿಯಾಯಿತು. ಈಗ ಘೀ ರೋಸ್ಟ್ ಮಸಾಲೆಯೂ ಪೊಟ್ಟಣದಲ್ಲಿ ಸಿಗುತ್ತದೆ. ನಮ್ಮ ಎರಡನೆಯ ಪ್ರಯತ್ನ ಅದರದ್ದೇ. ಪೊಟ್ಟಣದ ಹಿಂಬದಿಯ ನಾಲ್ಕು ಸಾಲಿನ ಸೂಚನೆಯಲ್ಲೂ ‘ಹದ’ ಇತ್ತು ಎಂಬುದನ್ನು ದಾಖಲಿಸುತ್ತೇನೆ.

ರೋಲಾ ಬಾರ್ಥ್‌ನ ‘ಮಿಥಾಲಜೀಸ್’ ಪ್ರಕಟವಾದದ್ದು 1957ರಲ್ಲಿ, ಕುಂದಾಪುರದ ಆ ಹೋಟೆಲು ಬಾಗಿಲು ತೆರೆದ ವರ್ಷವೇ. ಕಾಕತಾಳೀಯ, ಬಿಡಿ. ಅದರಲ್ಲಿ ಎಲ್ ಎಂಬ ಮಹಿಳಾ ಪತ್ರಿಕೆಯ ಅಡುಗೆ ಚಿತ್ರಗಳ ಮೇಲೆ ಒಂದು ಪುಟ್ಟ ಲೇಖನವಿದೆ. ಮೇಲ್ಮೈಯೆಲ್ಲ ಹೊಳೆಯುವ, ಅಲಂಕರಿಸಿದ ಆ ಖಾದ್ಯಗಳು ಕಣ್ಣಿನಲ್ಲಿ ತಿನ್ನಲು ಮಾತ್ರ ಇರುವವು, ಕೊಳ್ಳುವ ಶಕ್ತಿ ಇಲ್ಲದ ಓದುಗರಿಗೆ ಕನಸಾಗಿ ಬಡಿಸಿದವು ಎಂದು ಅವನು ತೋರಿಸುತ್ತಾನೆ. ನಮ್ಮ ಘೀ ರೋಸ್ಟ್ ವಿಡಿಯೊಗಳಿಗೂ ಇದು ಬಹುಮಟ್ಟಿಗೆ ಒಪ್ಪುತ್ತದೆ. ತುಪ್ಪ ಸುರಿಯುವುದನ್ನು ನಿಧಾನಗತಿಯಲ್ಲಿ ತೋರಿಸುತ್ತಾರೆ, ಪಾತ್ರೆ ತೊಳೆಯುವುದನ್ನು ತೋರಿಸುವುದಿಲ್ಲ. ಮಿಕ್ಸಿಗೆ ಹಾಕಿದ ಮೆಣಸು ಮರುಕ್ಷಣವೇ ಬೆಣ್ಣೆಯಾಗುತ್ತದೆ. ಅರ್ಧ ಗಂಟೆ ನಿಂತು ಮಸಾಲೆ ಕೆದಕಿದ ಕೈಗೆ ಅಲ್ಲಿ ಮೂರು ಸೆಕೆಂಡು. ಅಡುಗೆಯ ಬಹುಪಾಲು ಕಾಯುವುದು, ಮತ್ತು ವಿಡಿಯೊ ಕತ್ತರಿಸುವುದು ಅದನ್ನೇ. ಆದರೆ ಬಾರ್ಥ್‌ನನ್ನು ಪೂರ್ತಿ ಇಲ್ಲಿಗೆ ಒಗ್ಗಿಸಲಾಗದು. ಅವನ ಓದುಗರು ನೋಡಿ ಪುಟ ತಿರುವುತ್ತಿದ್ದರು, ನಾವು ಮಾಡಿ ನೋಡುತ್ತೇವೆ. ನಿರಾಸೆ ಸಾಧ್ಯವಾಗುವುದೂ ಅದರಿಂದಲೇ.

ಹಾಗೆಂದು ಪಾಕವಿಧಾನಗಳನ್ನು ಸುಟ್ಟುಬಿಡಿ, ಗುರುವಿನ ಪಕ್ಕ ನಿಂತು ಕಲಿಯಿರಿ ಎಂದು ನಾನು ಹೇಳಲಾರೆ. ಪಕ್ಕ ನಿಲ್ಲಲು ಎಲ್ಲರನ್ನೂ ಬಿಟ್ಟ ಚರಿತ್ರೆ ನಮ್ಮದಲ್ಲ. ಒಂದು ಕಾಲದಲ್ಲಿ ಉಡುಪಿ ಹೋಟೆಲುಗಳಲ್ಲಿ ಬ್ರಾಹ್ಮಣರಿಗೇ ಬೇರೆ ಕೋಣೆಯಿರುತ್ತಿತ್ತು. ಒಳಗಿನ ಅಡುಗೆಮನೆಯ ಹೊಸ್ತಿಲ ಮಾತು ಬೇರೆ ಹೇಳಬೇಕೇ. ಅರ್ಜುನ್ ಅಪ್ಪಾದುರೈ 1988ರ ತಮ್ಮ ಪ್ರಸಿದ್ಧ ಲೇಖನದಲ್ಲಿ ತೋರಿಸಿದಂತೆ, ನಗರದ ಮಧ್ಯಮವರ್ಗದ ಹೆಂಗಸರು ಅಡುಗೆ ಪುಸ್ತಕಗಳ ಮೂಲಕವೇ ಜಾತಿ, ಪ್ರಾಂತ್ಯಗಳ ಗೋಡೆಯಾಚೆಯ ಅಡುಗೆಯನ್ನು ತಮ್ಮದಾಗಿಸಿಕೊಂಡರು. ಹಾವೇರಿಯ ನಾನು, ಪುತ್ತೂರಿನವಳೊಬ್ಬಳು, ಕಾಸರಗೋಡಿನವಳೊಬ್ಬಳು ಒಂದೇ ಬಾಣಲೆಯ ಸುತ್ತ ನಿಂತದ್ದು ಆ ಏಳು ಅರೆಬರೆ ಪಠ್ಯಗಳ ದಯೆ. ಕೊಟ್ಟಾರದಲ್ಲಿ ಮನೆ ಹುಡುಕುವಾಗ ಬಾಡಿಗೆ, ಅಡ್ವಾನ್ಸಿನ ಮಾತಿಗೂ ಮೊದಲು ನಮಗೆ ಎದುರಾದ ಪ್ರಶ್ನೆ ‘ವೆಜ್ಜಾ, ನಾನ್‌ವೆಜ್ಜಾ?’ ಮೂರು ಮನೆ ಹಾಗೆ ಕೈತಪ್ಪಿದ ಮೇಲೆ ನಾಲ್ಕನೆಯದು ಸಿಕ್ಕಿತು. ಯಾವ ಪಾಕವಿಧಾನವೂ ‘ಮೊದಲು ಕೋಳಿ ಬೇಯಿಸಲು ಬಿಡುವ ಮನೆಯನ್ನು ಹುಡುಕಿಕೊಳ್ಳಿ’ ಎಂದು ಶುರುವಾಗುವುದಿಲ್ಲ. ಅದು ಬರೆಯುವುದು ಸ್ವಂತ ಒಲೆ, ಸ್ವಂತ ಹೊತ್ತು, ಯಾರ ಮೂಗಿಗೂ ಹೆದರಬೇಕಾಗಿಲ್ಲದ ಕಿಟಕಿ ಇರುವ ಓದುಗಳಿಗೆ. ಮಂಗರಸನ ಓದುಗ ಅರಸನ ಬಳಿ ಇದ್ದ. ಇಂದಿನ ಪಾಕವಿಧಾನದ ಓದುಗಳು ಎಲ್ಲರೂ ಎಂದು ಕಾಣುತ್ತದೆ, ಆದರೆ ಎಲ್ಲರೂ ಅಲ್ಲ.

ಆದ್ದರಿಂದ ನನ್ನ ತಕರಾರು ಪಾಕ ಬರೆಯುವುದರ ಮೇಲಲ್ಲ, ಬರೆಯುವ ರೀತಿಯ ಮೇಲೆ. ಒಂದು ಒಳ್ಳೆಯ ಅನುವಾದಕ್ಕೆ ಅನುವಾದಕರ ಟಿಪ್ಪಣಿ ಇರುತ್ತದೆ. ಇದು ಬರಲಿಲ್ಲ, ಇಲ್ಲಿ ಮೂಲದ ಶ್ಲೇಷೆ ಕಳೆದುಹೋಯಿತು ಎಂದು ಅವರು ಹೇಳುತ್ತಾರೆ. ಹೋಟೆಲಿನಿಂದ ಮನೆಗೆ ಬರುವ ಖಾದ್ಯವೂ ಅನುವಾದವೇ. ಈ ಉರಿ ನಿಮ್ಮ ಬಳಿ ಇಲ್ಲ, ಈ ಕೈ ಹದಿನೆಂಟು ವರ್ಷ ಹಳೆಯದು, ಇದನ್ನು ನನಗೆ ತೋರಿಸಿಕೊಟ್ಟವರು ಇಂಥವರು ಎಂದು ಒಂದು ಸಾಲು ಬರೆದರೆ ಘೀ ರೋಸ್ಟ್ ಕೆಡುವುದಿಲ್ಲ. ನಾನು ನೋಡಿದ ಏಳರಲ್ಲಿ ಒಂದರಲ್ಲೂ ಅಂಥ ಸಾಲಿಲ್ಲ. ಒಬ್ಬರು ಮಾತ್ರ, ವಾರಪತ್ರಿಕೆಯ ಪುಟದಲ್ಲಿ, ಕೊನೆಗೆ ‘ಎರಡು ಮೂರು ಸಲ ಮಾಡಿದಾಗ ಕೈಗೆ ಹತ್ತುತ್ತದೆ’ ಎಂದು ಸೇರಿಸಿದ್ದರು. ಏಳರಲ್ಲಿ ಪ್ರಾಮಾಣಿಕವಾದ ವಾಕ್ಯ ಅದು, ಸಂಖ್ಯೆ ಸ್ವಲ್ಪ ಕಡಿಮೆ ಹೇಳಿದ್ದರೂ.

ಕಿಟಕಿಯ ಬಳಿ ಕೊನೆಯ ಸಲ ನಿಂತದ್ದು ಆಷಾಢದಲ್ಲಿ. ಚೌಕಿಯಲ್ಲಿ ಎಂದಿನಂತೆ ಮೊಣಕಾಲುಮಟ್ಟ ನೀರು ನಿಂತು ಗಿರಾಕಿಗಳಿರಲಿಲ್ಲ. ಅಡುಗೆಯವರಿಗೆ ಬಿಡುವಿತ್ತು. ನಿಮ್ಮ ಕಡೆ ಬದನೆಕಾಯಿ ಎಣ್ಣೆಗಾಯಿ ಅಂತ ಮಾಡುತ್ತಾರಂತಲ್ಲ, ಹೇಗೆ ಮಾಡುವುದು ಎಂದು ಕೇಳಿದರು. ಶೇಂಗಾ, ಗುರೆಳ್ಳು, ಒಣ ಕೊಬ್ಬರಿ, ಎಳೆಯ ಬದನೆ ಎಂದು ಉತ್ಸಾಹದಿಂದ ಹೇಳುತ್ತ ಹೋದೆ. ತುಂಬು ಕಟ್ಟಿ ಎಣ್ಣೆಗೆ ಬಿಡುವ ತನಕ ಸರಾಗವಾಗಿ ಬಂತು. ಅಲ್ಲಿಂದ ಮುಂದೆ ಎಷ್ಟು ಹೊತ್ತು ಎಂದು ಕೇಳಿದರು. ನಮ್ಮವ್ವ ಮುಚ್ಚಳ ತೆಗೆದು ಹೊರಳಿಸುತ್ತಿದ್ದುದು ಕಣ್ಣ ಮುಂದೆ ಬಂತು, ನಿಮಿಷ ಬರಲಿಲ್ಲ. ಅವರು ಸೌಟು ಕೆಳಗಿಟ್ಟು, ನಾನು ಹೇಳುವುದನ್ನೇ ಕಾಯುತ್ತ ನಿಂತಿದ್ದರು.